ಪರಿಣಾಮಕ್ಕೆ ಬಿಟ್ಟ ಅರ್ಧ ಪುಟ

ಕಡಬ
9 ಜೂನ್ 2025

ಮಾನ್ಯ ಸತ್ಯವತಿ ಮೇಡಂ,

ನಾನು ಫಾತಿಮತ್ ಝುಹ್ರಾ. ನಿಮಗೆ ನೆನಪಿರಲಿಕ್ಕಿಲ್ಲ. 1998ರಲ್ಲಿ ಪುತ್ತೂರಿನಲ್ಲಿ ಮೊದಲ ವರ್ಷದ ಬಿ.ಎ.ಗೆ ನೀವು ಚರಿತ್ರೆ ಪಾಠ ಮಾಡುವಾಗ ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದೆ. ವರ್ಷ ಮುಗಿಸದೆ ಕಾಲೇಜು ಬಿಟ್ಟೆ. ನಿಮಗೆ ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಪರಿಚಯವಿಲ್ಲದ ನಂಬರನ್ನು ನೀವು ಮುಟ್ಟುವುದೇ ಇಲ್ಲ ಎಂದು ಬೆಟ್ಟಂಪಾಡಿಯಿಂದ ಬರುವ ನಮ್ಮ ಸೂಪರ್‌ವೈಸರ್ ಹೇಳಿದರು. ಆದ್ದರಿಂದ ಈ ಪತ್ರ.

ಹದಿನೇಳು ವರ್ಷದಿಂದ ಅಂಗನವಾಡಿ ಟೀಚರ್ ಆಗಿದ್ದೇನೆ. ಇವರು, ಅಂದರೆ ನನ್ನ ಗಂಡ ಹಸನಬ್ಬ, ಮರ್ದಾಳದಲ್ಲಿ ರಸ್ತೆ ಬದಿ ಒಂದು ಸಣ್ಣ ಹೋಟೆಲ್ ನಡೆಸುತ್ತಾರೆ. ನಮ್ಮ ಇಲಾಖೆಯಲ್ಲಿ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬೇಕಾದರೆ ಡಿಗ್ರಿ ಬೇಕು, ವಯಸ್ಸು ನಲವತ್ತೈದು ದಾಟಬಾರದು. ಬರುವ ಮಾರ್ಚಿಗೆ ನನಗೆ ನಲವತ್ತೈದು ತುಂಬುತ್ತದೆ. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿ ಎಲ್ಲ ವಿಷಯ ಪಾಸು ಮಾಡಿದ್ದೇನೆ, ಒಂದು ಬಿಟ್ಟು. ಅಮೆರಿಕದ ಇತಿಹಾಸ. ಎಂಬತ್ತರಲ್ಲಿ ಇಪ್ಪತ್ತೆಂಟು ಬಂದರೆ ಪಾಸು. ಮೊದಲ ಸಲ ಇಪ್ಪತ್ತೆರಡು ಬಂತು, ಎರಡನೇ ಸಲ ಇಪ್ಪತ್ತನಾಲ್ಕು. ಇನ್ನು ಡಿಸೆಂಬರಿನ ಪರೀಕ್ಷೆ ಒಂದೇ ಉಳಿದಿರುವುದು. ಅದೂ ಹೋದರೆ ನಾನು ರಿಟೈರ್ ಆಗುವವರೆಗೆ ಟೀಚರೇ.

ನನಗೆ ಪಾಠ ಹೇಳಿಕೊಡುವಿರಾ? ವಾರಕ್ಕೊಮ್ಮೆ ಬೆಟ್ಟಂಪಾಡಿಗೆ ಬರಲು ತಯಾರಿದ್ದೇನೆ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಝುಹ್ರಾ


ಬೆಟ್ಟಂಪಾಡಿ
16 ಜೂನ್ 2025

ಝುಹ್ರಾ,

ನೆನಪಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಎಷ್ಟೋ ಎರಡನೇ ಬೆಂಚುಗಳನ್ನು ನೋಡಿದ್ದೇನೆ. ಬೇಸರ ಮಾಡಬೇಡ.

ನೀನು ಇಲ್ಲಿಗೆ ಬರುವುದು ಬೇಡ. ಮೂರು ಬಸ್ಸು ಬದಲಿಸಿ ಬಂದು, ನಾನು ಕೊಟ್ಟ ಕಾಫಿ ಕುಡಿದು, ನನ್ನ ಮಾತಿಗೆ ತಲೆಯಾಡಿಸಿ ಹೋದರೆ ಪರೀಕ್ಷೆ ಪಾಸಾಗುವುದಿಲ್ಲ. ನಿನ್ನ ಪತ್ರ ನೋಡಿದೆ. ಮೊದಲ ಪುಟದ ಅಕ್ಷರ ನೆಟ್ಟಗಿದೆ, ಎರಡನೆಯದರಲ್ಲಿ ಸಾಲು ಇಳಿದು ಪಾತಾಳಕ್ಕೆ ಹೋಗಿದೆ. ನಿನಗೆ ಚರಿತ್ರೆ ಬಾರದ್ದಲ್ಲ, ಮೂರು ಗಂಟೆ ಬರೆಯುವ ಕೈ ಇಲ್ಲ. ಮೊಬೈಲಿನಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಎಲ್ಲರದ್ದೂ ಅದೇ ಅವಸ್ಥೆ.

ಹಾಗಾಗಿ ಪಾಠವೂ ಅಂಚೆಯಲ್ಲಿಯೇ. ನಾನು ಪ್ರಶ್ನೆ ಕಳಿಸುತ್ತೇನೆ, ನೀನು ಕೈಯಲ್ಲಿ ಉತ್ತರ ಬರೆದು ಕಳಿಸು. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ ನಾನು ತೆರೆಯುವುದೇ ಇಲ್ಲ. ಉತ್ತರ ಮೊದಲ ವಾಕ್ಯದಲ್ಲೇ ಇರಲಿ, ಸುತ್ತುಬಳಸು ಆಮೇಲೆ. ಕಾರಣ, ಘಟನೆ, ಪರಿಣಾಮ ಎಂದು ಮೂರು ತಲೆಬರಹ ಹಾಕು. ‘ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂದೆಲ್ಲ ಬರೆದು ಶಾಯಿ ಹಾಳು ಮಾಡಬೇಡ. ನನಗೆ ಎಪ್ಪತ್ತೊಂದು, ಮಂಡಿ ನೋವಿದೆ, ಉಳಿದಂತೆ ಗಟ್ಟಿ ಇದ್ದೇನೆ. ಇನ್ನು ಆರು ತಿಂಗಳು ಈ ಮಾತು ಕೇಳಬೇಕಾಗಿಲ್ಲ.

ಮೊದಲ ಪ್ರಶ್ನೆ: ಬೋಸ್ಟನ್ ಬಂದರಿನಲ್ಲಿ ಚಹಾವನ್ನು ನೀರಿಗೆ ಎಸೆದ ಘಟನೆ ಅಮೆರಿಕದ ಇತಿಹಾಸದಲ್ಲಿ ತಿರುವು ಹೇಗಾಯಿತು?

ಸತ್ಯವತಿ


ಕಡಬ
2 ಜುಲೈ 2025

ಮೇಡಂ,

ಉತ್ತರ ಇದರೊಂದಿಗೆ ಇದೆ. ಎಂಟು ಪುಟ. ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸಿದ ಮೇಲೆ ಮೂರು ದಿನ ಕೂತು ಬರೆದೆ. ಬೆರಳಿನ ಗಂಟಿನಲ್ಲಿ ಬೊಬ್ಬೆ ಎದ್ದಿದೆ.

ಈ ಚಹಾದ ಕತೆಯನ್ನು ಹೋಟೆಲಿನಲ್ಲಿ ಇವರಿಗೆ ಓದಿ ಹೇಳಿದೆ. ಪರೋಟದ ಹಿಟ್ಟು ಬಡಿಯುತ್ತಿದ್ದವರು ನಿಲ್ಲಿಸಿ ಕೇಳಿದರು. “ಮುನ್ನೂರ ನಲವತ್ತೆರಡು ಪೆಟ್ಟಿಗೆ ಚಾ ನೀರಿಗೆ ಹಾಕಿದ್ರಾ? ಎಂತ ಮಂಡೆ ಸರಿ ಇಲ್ಲದವರು ಮಾರಾಯ್ತಿ. ಕುಡಿದು ದುಡ್ಡು ಕೊಡುದಿಲ್ಲ ಅಂತ ಹೇಳಿದ್ರೆ ಸಾಕಿತ್ತಲ್ಲ. ನಮ್ಮಲ್ಲಿ ದಿನಾ ನಾಲ್ಕು ಜನ ಹಾಗೆ ಮಾಡ್ತಾರೆ, ಯಾವ ಚರಿತ್ರೆಯಲ್ಲಿಯೂ ಬರುದಿಲ್ಲ.” ನಾವು ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವುದು. ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ.

ಪತ್ರವನ್ನು ಅಂಟಿಸಿ ಕಡಬದ ಪೋಸ್ಟ್ ಆಫೀಸಿಗೆ ತಲುಪಿಸುವ ಜವಾಬ್ದಾರಿ ಅವರದ್ದೇ. ಸಾಮಾನು ತರಲು ಹೇಗೂ ದಿನಾ ಬರುತ್ತಾರೆ. ನಿಮ್ಮ ಪತ್ರವನ್ನು ಹೋಟೆಲಿನ ವಿಳಾಸಕ್ಕೆ ಹಾಕಿ, ಮನೆಗೆ ಪೋಸ್ಟ್‌ಮ್ಯಾನ್ ಬರುವುದು ಅಪರೂಪ.

ಝುಹ್ರಾ


ಬೆಟ್ಟಂಪಾಡಿ
14 ಜುಲೈ 2025

ಝುಹ್ರಾ,

ಇಪ್ಪತ್ತರಲ್ಲಿ ಹನ್ನೊಂದು. ಕಾರಣಗಳು ಬಹಳ ಚೆನ್ನಾಗಿವೆ, ನನ್ನ ಎಂ.ಎ. ವಿದ್ಯಾರ್ಥಿಗಳೂ ಹೀಗೆ ಬರೆಯುತ್ತಿರಲಿಲ್ಲ. ಘಟನೆಗೆ ಮೂರು ಪುಟ, ಅದೂ ಸರಿ. ‘ಪರಿಣಾಮಗಳು’ ಎಂದು ದೊಡ್ಡದಾಗಿ ಬರೆದು ಅಡಿಗೆರೆ ಎಳೆದು, ಕೆಳಗೆ ಒಂದೂವರೆ ಸಾಲು. ಊಟಕ್ಕೆ ಕರೆದು ಎಲೆ ಹಾಕಿ ಅನ್ನ ಬಡಿಸದೆ ಎದ್ದು ಹೋದಂತಾಯಿತು.

ಮುಂದಿನ ಸಲ ಪರಿಣಾಮಕ್ಕೆ ಅರ್ಧ ಪುಟ ಖಾಲಿ ಬಿಟ್ಟುಕೊಂಡು ಶುರು ಮಾಡು. ಅಷ್ಟೂ ತುಂಬಲೇಬೇಕು.

ನಿನ್ನ ಗಂಡನಿಗೆ ಹೇಳು, ಲಕೋಟೆಯನ್ನು ಮೈದಾ ಹಿಟ್ಟಿನಲ್ಲಿ ಅಂಟಿಸಬಾರದು. ಪತ್ರದ ಜೊತೆ ಇರುವೆಗಳೂ ಬಂದವು.

ಪ್ರಶ್ನೆ: 1929ರ ಮಹಾ ಆರ್ಥಿಕ ಕುಸಿತ.

ಸತ್ಯವತಿ


ಕಡಬ
10 ಆಗಸ್ಟ್ 2025

ಮೇಡಂ,

ತಡವಾಯಿತು, ಕ್ಷಮಿಸಿ. ನೆಪ ಹೇಳಿದರೆ ನಿಮಗೆ ಆಗುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ.

ಕಳೆದ ಸೋಮವಾರ ಮಳೆ ಬಿಟ್ಟಿತ್ತು. ಯಾರೋ ದೊಡ್ಡವರು ಸುಬ್ರಹ್ಮಣ್ಯಕ್ಕೆ ಹೆಲಿಕಾಪ್ಟರಿನಲ್ಲಿ ಬಂದರು. ಅದು ಮರ್ದಾಳದ ಮೇಲೆ ತೀರಾ ತಗ್ಗಿನಲ್ಲಿ ಹಾದುಹೋಯಿತು. ಇವರು ಕಾವಲಿಯ ಮೇಲೆ ಪರೋಟ ಬಿಟ್ಟು, ಗಿರಾಕಿಗಳನ್ನು ಬಿಟ್ಟು, ಹೋಟೆಲಿನ ಹಿಂದೆ ಅಕ್ಕಿ ಮೂಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಗನವಾಡಿಗೆ ಫೋನ್ ಬಂತು. ನಾನು ಹೋಗಿ ಕರೆದೆ. ಒಂದು ಗಂಟೆ ಕಳೆದ ಮೇಲೆ ಹೊರಗೆ ಬಂದು, “ಪರೋಟ ಕರಟಿ ಹೋಯ್ತಾ?” ಎಂದು ಕೇಳಿದರು. ಆಮೇಲೆ ನಾಲ್ಕು ದಿನ ಹೋಟೆಲ್ ತೆರೆಯಲಿಲ್ಲ.

2003ರಲ್ಲಿ ಇವರು ಕುವೈತಿಗೆ ಅಡುಗೆ ಕೆಲಸಕ್ಕೆಂದು ಹೋದವರು. ಏಜೆಂಟ್ ಹೇಳಿದ್ದು ಹೋಟೆಲಿನ ಕೆಲಸ. ಕರೆದುಕೊಂಡು ಹೋದದ್ದು ಗಡಿ ದಾಟಿಸಿ ಇರಾಕಿಗೆ, ಅಮೆರಿಕದ ಸೈನಿಕರ ಕ್ಯಾಂಪಿಗೆ. ಒಂಬತ್ತು ತಿಂಗಳಲ್ಲಿ ನನಗೆ ಬಂದದ್ದು ಎರಡು ಫೋನ್. ಅವರ ಜೊತೆಗಿದ್ದ ಸುಳ್ಯ ಕಡೆಯ ಚೆನ್ನಪ್ಪ ಎಂಬವರು ಅಲ್ಲೇ ತೀರಿಕೊಂಡರು. ಇವರು ಬದುಕಿ ಬಂದರು. ಅಷ್ಟೇ ನನಗೆ ಗೊತ್ತಿರುವುದು. ಇಪ್ಪತ್ತೊಂದು ವರ್ಷದಲ್ಲಿ ನಾನು ಕೇಳಿಲ್ಲ, ಅವರು ಹೇಳಿಲ್ಲ. ಮೊದಮೊದಲು ಕೇಳಲು ಹೆದರಿಕೆಯಾಗುತ್ತಿತ್ತು. ಆಮೇಲೆ ಕೇಳದೆ ಇರುವುದೇ ಅಭ್ಯಾಸವಾಯಿತು.

1929ರ ಉತ್ತರ ಇದರಲ್ಲಿದೆ. ಪರಿಣಾಮಕ್ಕೆ ಅರ್ಧ ಪುಟ ಬಿಟ್ಟಿದ್ದೇನೆ. ಐದು ಸಾಲು ತುಂಬಿದ್ದೇನೆ.

ಝುಹ್ರಾ


ಬೆಟ್ಟಂಪಾಡಿ
19 ಆಗಸ್ಟ್ 2025

ಝುಹ್ರಾ,

ನಿನ್ನ ಗಂಡನ ವಿಷಯ ಓದಿ ಸಂಕಟವಾಯಿತು. ಈಗ ಹೇಗಿದ್ದಾರೆ?

ನಾನು ಬಿಡುವವಳಲ್ಲ, ಉತ್ತರದ ಬಗ್ಗೆಯೂ ಹೇಳುತ್ತೇನೆ. ಐದು ಸಾಲೂ ಪಠ್ಯಪುಸ್ತಕದ್ದೇ, ಒಂದೇ ಒಂದು ಅಕ್ಷರ ನಿನ್ನದಲ್ಲ. ಪ್ರಶ್ನೆಪತ್ರಿಕೆಯ ಕೊನೆಗೆ ಇಪ್ಪತ್ತು ಅಂಕದ ಕಡ್ಡಾಯ ಪ್ರಶ್ನೆ ಇರುತ್ತದೆ: ಯಾವುದಾದರೂ ಒಂದು ತಿರುವನ್ನು ಆರಿಸಿ ಅದರ ಪರಿಣಾಮ ವಿವರಿಸಿ. ಎರಡು ಸಲವೂ ನೀನು ಮುಗ್ಗರಿಸಿದ್ದು ಅಲ್ಲೇ ಎಂದು ನನಗೆ ಅನುಮಾನ. ಸರಿಯಾ? ಕಾರಣ ಇಷ್ಟು ಚೆನ್ನಾಗಿ ಬರೆಯುವವಳು ಪರಿಣಾಮ ಬಂದಾಗ ಯಾಕೆ ಕೈ ಕಟ್ಟಿ ಕೂರುತ್ತೀ? ನೇರವಾಗಿ ಹೇಳು.

ನಮ್ಮ ಪಕ್ಕದ ಮನೆಯ ವಿಷ್ಣುಪ್ರಸಾದ್ ಅಡಿಕೆ ಹಾಳೆಯ ಊಟದ ತಟ್ಟೆ ಮಾಡಿ ಅಮೆರಿಕಕ್ಕೆ ಕಳಿಸುತ್ತಿದ್ದ. ಅಲ್ಲಿಯವರು ಈ ತಟ್ಟೆ ಬೇಡವೆಂದರಂತೆ. ಎರಡು ತಿಂಗಳಿಂದ ಅವನ ಮೆಶಿನ್ ನಿಂತಿದೆ, ಕೆಲಸಕ್ಕೆ ಬರುತ್ತಿದ್ದ ಆರು ಹೆಂಗಸರು ಮನೆಯಲ್ಲಿದ್ದಾರೆ. ನಿನ್ನೆ ಜಗಲಿಯಲ್ಲಿ ಕೂತು, “ಅಕ್ಕ, ಅಮೆರಿಕದವ ಸೀನಿದ್ರೆ ಬೆಟ್ಟಂಪಾಡಿಗೆ ಶೀತ ಆಗುದು ಯಾಕೆ?” ಎಂದು ಕೇಳಿದ. ಅದಕ್ಕೆ ಇಪ್ಪತ್ತು ಅಂಕದ ಉತ್ತರ ಕೊಡಬಲ್ಲೆ ಎಂದೆ. ಅವನಿಗೆ ಬೇಕಾಗಿರಲಿಲ್ಲ.

ಸತ್ಯವತಿ


ಕಡಬ
7 ಸೆಪ್ಟೆಂಬರ್ 2025

ಮೇಡಂ,

ನೇರವಾಗಿ ಹೇಳು ಎಂದಿರಿ. ಹೇಳುತ್ತೇನೆ.

1998ರ ಅಕ್ಟೋಬರಿನಲ್ಲಿ ನೀವು ಒಂದು ಟೆಸ್ಟ್ ಕೊಟ್ಟಿರಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬೆಳೆದು ಮಿಕ್ಕಿದ ಧಾನ್ಯ ಹೊರದೇಶಗಳಿಗೆ ಹೋದದ್ದರ ಪರಿಣಾಮ ಬರೆಯಿರಿ ಎಂದು. ನಾನು ನನ್ನ ಉಮ್ಮನ, ಅಂದರೆ ತಾಯಿಯ ಬಗ್ಗೆ ಬರೆದೆ. ನನ್ನ ಉಮ್ಮ ಆಯಿಶಮ್ಮ ಸಣ್ಣವಳಿರುವಾಗ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದಿಂದ ಬಂದ ಹಳದಿ ಗೋಧಿರವೆಯ ಸಜ್ಜಿಗೆ, ಉಪ್ಪಿಟ್ಟಿನಂಥದ್ದು, ಕೊಡುತ್ತಿದ್ದರು. ಮನೆಯಲ್ಲಿ ಒಂದು ಹೊತ್ತಿನ ಗಂಜಿ. ಸಜ್ಜಿಗೆ ಸಿಗುತ್ತದೆಂದು ಅಜ್ಜ ಅವಳನ್ನು ಶಾಲೆಗೆ ಬಿಟ್ಟರು. ಸಜ್ಜಿಗೆ ನಿಂತ ವರ್ಷ ಬಿಡಿಸಿದರು. ಅಷ್ಟರಲ್ಲಿ ಉಮ್ಮ ಮೂರನೇ ಕ್ಲಾಸ್ ಮುಗಿಸಿದ್ದಳು, ಓದಲು ಕಲಿತಿದ್ದಳು. ಓದಲು ಬಂದ ಕಾರಣ ಅವಳು ನನ್ನನ್ನು ಕಾಲೇಜಿಗೆ ಕಳಿಸಿದಳು. ಅಮೆರಿಕದ ಗೋಧಿಯ ಪರಿಣಾಮ ನಾನು ಎಂದು ಕೊನೆಯಲ್ಲಿ ಬರೆದಿದ್ದೆ.

ನೀವು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಅಪ್ರಸ್ತುತ’ ಎಂದು ಬರೆದಿರಿ. ಅಷ್ಟು ಸಾಲದೆಂದು ಕ್ಲಾಸಿನಲ್ಲಿ ಓದಿ ಹೇಳಿದಿರಿ. “ಅಮೆರಿಕದ ಚರಿತ್ರೆ ಕೇಳಿದರೆ ಇವಳು ತಿಂಡಿಯ ಚರಿತ್ರೆ ಬರೆದಿದ್ದಾಳೆ” ಎಂದಿರಿ. ಎಲ್ಲರೂ ನಕ್ಕರು. ಮರುದಿನದಿಂದ ನನ್ನ ಹೆಸರು ‘ಸಜ್ಜಿಗೆ’ ಎಂದಾಯಿತು. ಬಸ್ಸಿನಲ್ಲಿ ಕೂಡ ಹಾಗೇ ಕರೆಯುತ್ತಿದ್ದರು.

ನಾನು ಕಾಲೇಜು ಬಿಟ್ಟದ್ದು ಮದುವೆಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ. ಸಂಬಂಧ ಬಂದಾಗ ಉಮ್ಮ, “ಓದು ಮುಗಿಯಲಿ” ಎಂದಳು. ಆಗಲಿ ಎಂದವಳು ನಾನೇ. ನಿಮ್ಮ ಕ್ಲಾಸಿಗೆ ಮತ್ತೆ ಬರುವುದು ನನಗೆ ಬೇಡವಾಗಿತ್ತು.

ಈಗಲೂ ‘ಪರಿಣಾಮಗಳು’ ಎಂದು ಬರೆದ ಕೂಡಲೇ ನನಗೆ ಗೊತ್ತಿರುವ ಪರಿಣಾಮಗಳೇ ತಲೆಗೆ ಬರುತ್ತವೆ. ಉಮ್ಮ ಬರುತ್ತಾಳೆ, ಬಾಗಿಲು ಹಾಕಿಕೊಂಡ ಇವರು ಬರುತ್ತಾರೆ. ಅವನ್ನು ಬರೆದರೆ ಕೆಂಪು ಗೆರೆ ಬೀಳುತ್ತದೆ. ಪುಸ್ತಕದ್ದನ್ನು ಬರೆಯಲು ಹೊರಟರೆ ಕೈ ಏಳುವುದಿಲ್ಲ. ಮೂರು ಗಂಟೆಯಲ್ಲಿ ಕೊನೆಯ ಅರ್ಧ ಗಂಟೆ ನಾನು ಸುಮ್ಮನೆ ಕೂತು ಬಂದಿದ್ದೇನೆ, ಎರಡು ಸಲ.

ಹಾಗಿದ್ದರೂ ನಿಮ್ಮನ್ನೇ ಕೇಳಿದ್ದು ಯಾಕೆಂದರೆ ನಿಮ್ಮಷ್ಟು ಚೆನ್ನಾಗಿ ಕಲಿಸಿದವರು ಬೇರೆ ಇಲ್ಲ. ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ, ಅದೂ ನಿಮಗೆ ಗೊತ್ತಿರಲಿ. ಇಷ್ಟು ಬರೆದ ಮೇಲೆ ನೀವು ಪಾಠ ನಿಲ್ಲಿಸಿದರೆ ನಿಲ್ಲಿಸಿ. ನಾನು ಪರೀಕ್ಷೆಗೆ ಕೂತೇ ಕೂರುತ್ತೇನೆ.

ಝುಹ್ರಾ


ಬೆಟ್ಟಂಪಾಡಿ
5 ಅಕ್ಟೋಬರ್ 2025

ಝುಹ್ರಾ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಮೂರು ಪತ್ರ ಬರೆದು ಹರಿದೆ.

ನನಗೆ ನೆನಪಿಲ್ಲ. ತಲೆ ಕೆದಕಿ ಕೆದಕಿ ನೋಡಿದೆ. ಆ ಟೆಸ್ಟಾಗಲಿ, ನಗುವಾಗಲಿ ಯಾವುದೂ ನೆನಪಿಗೆ ಬರಲಿಲ್ಲ. ಒಂದು ಹುಡುಗಿಯ ಕಾಲೇಜನ್ನೇ ಕಿತ್ತುಕೊಂಡ ದಿನ ನನಗೆ ಬೇರೆ ದಿನದ ಹಾಗೆಯೇ ಕಳೆದುಹೋಗಿದೆ. ನಾಚಿಕೆಯಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಹತ್ತಿರ ಆನೆಯೂ ಇಲ್ಲ. ತಪ್ಪು ನನ್ನದು. ಕ್ಷಮಿಸು ಎಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದು ಹೇಳುವುದಿಲ್ಲ. ಸಿಟ್ಟು ಇಟ್ಟುಕೊಂಡೇ ಓದು.

ವಿಷ್ಣುಪ್ರಸಾದನ ನಿಂತ ಮೆಶಿನ್ ದಿನವೂ ನನ್ನ ಕಿಟಕಿಗೆ ಕಾಣುತ್ತದೆ. ಅದು ಅಮೆರಿಕದ ಚರಿತ್ರೆ ಎಂದು ನಾನು ನಿನಗೇ ಬರೆದೆ, ಯೋಚನೆ ಮಾಡದೆ. ಹಾಗಾದರೆ ನಿನ್ನ ಉಮ್ಮನ ಸಜ್ಜಿಗೆ ಅಪ್ರಸ್ತುತವಾದದ್ದು ಹೇಗೆ? ಆ ಉತ್ತರ ಸರಿಯಾಗಿತ್ತು. ನಾನು ಆಗ ಪುಸ್ತಕದ ಆಚೆಗೆ ನೋಡಲು ಹೆದರುತ್ತಿದ್ದೆ, ಅದನ್ನು ಶಿಸ್ತು ಎಂದುಕೊಂಡಿದ್ದೆ.

ಇನ್ನು ಕೆಲಸದ ಮಾತು. ಎರಡು ತಿಂಗಳು ಇದೆ. ಉತ್ತರಪತ್ರಿಕೆ ನೋಡುವವರು ನನ್ನಂಥವರೇ ಇರುತ್ತಾರೆ. ಅದಕ್ಕೆ ಒಂದು ಉಪಾಯ ಹೇಳುತ್ತೇನೆ. ಮೊದಲು ಪುಸ್ತಕದ ಮೂರು ಪರಿಣಾಮ ಬರೆ, ನಂಬರ್ ಹಾಕಿ. ಅದಕ್ಕೆ ಅವರು ಅಂಕ ಕೊಡಲೇಬೇಕು. ಆಮೇಲೆ ನಿನ್ನದನ್ನು ಬರೆ, ಹೆಸರು, ಊರು, ವರ್ಷ ಹಾಕಿ. ಚರಿತ್ರೆಗೆ ಬೇಕಾದದ್ದು ಅದೇ.

ಪ್ರಶ್ನೆ: 2001ರ ಸೆಪ್ಟೆಂಬರ್ 11 ಅಮೆರಿಕದ ಇತಿಹಾಸದ ತಿರುವು. ಕಾರಣ, ಘಟನೆ, ಪರಿಣಾಮ. ಇದು ನಿನಗೆ ಕಷ್ಟವೆಂದು ಗೊತ್ತಿದ್ದೇ ಕೊಟ್ಟಿದ್ದೇನೆ.

ಸತ್ಯವತಿ


ಕಡಬ
20 ಅಕ್ಟೋಬರ್ 2025

ಮೇಡಂ,

ನಿಮ್ಮ ಪತ್ರ ಉಮ್ಮನಿಗೆ ಓದಿ ಹೇಳಿದೆ. “ಆ ಸಜ್ಜಿಗೆಗೆ ಉಪ್ಪೇ ಇರ್ತಿರಲಿಲ್ಲ, ಅದನ್ನೂ ಬರೆ” ಎಂದಳು. ನನಗೆ ಅಳು ಬಂತು. ಸಿಟ್ಟು ಅರ್ಧ ಹೋಗಿದೆ.

2001ರ ಉತ್ತರ ಇದರಲ್ಲಿದೆ. ಪುಸ್ತಕದ ಮೂರು ಪರಿಣಾಮ ಬರೆದಿದ್ದೇನೆ. ಅದರ ಕೆಳಗೆ ಅರ್ಧ ಪುಟ ಬಿಟ್ಟಿದ್ದೇನೆ. ಅದು ಖಾಲಿಯೇ ಬರುತ್ತದೆ. ಅಲ್ಲಿ ಬರೆಯಬೇಕಾದದ್ದು ನನ್ನ ಮಾತಲ್ಲ, ಇವರದ್ದು. ಕೇಳದೆ ಬರೆಯಲಾರೆ, ಕೇಳಲೂ ಆಗುತ್ತಿಲ್ಲ. ಪರೀಕ್ಷೆಗೆ ಬೇರೆ ತಿರುವು ಆರಿಸುತ್ತೇನೆ.

ಝುಹ್ರಾ

(ಇದರ ಜೊತೆಗಿದ್ದ ಉತ್ತರದ ಹನ್ನೊಂದನೇ ಪುಟದ ಕೆಳಗಿನ ಅರ್ಧದಲ್ಲಿ ಮತ್ತು ಅದರ ಹಿಂದುಗಡೆ, ಬೇರೆ ಕೈಬರಹದಲ್ಲಿ)

ಮೇಡಮ್ಮನವರಿಗೆ ಹಸನಬ್ಬನ ಸಲಾಂ.

ಅಂಟಿಸಲಿಕ್ಕೆ ತೆಗೆದವ ನೋಡಿದೆ, ಅರ್ಧ ಪುಟ ಖಾಲಿ ಉಂಟು. ಕಾಗದ ಹಾಗೇ ಕಳಿಸುದು ಸರಿಯಲ್ಲ ಅಂತ ಬರೆಯುತ್ತಾ ಇದ್ದೇನೆ. ನಾನು ಏಳನೇ ಕ್ಲಾಸ್. ತಪ್ಪು ಇದ್ದರೆ ತಿದ್ದಿ.

ಅವಳು ಬರೆಯದೆ ಬಿಡುದು ನನ್ನಿಂದ. ಎರಡು ಸಲ ಫೇಲ್ ಆಗಿ ಬಂದಾಗಲೂ ನನಗೆ ಒಂದು ಮಾತು ಹೇಳಲಿಲ್ಲ. ಅವಳ ಕಾಗದ ಓದಿ ನನಗೆ ಈಗ ಗೊತ್ತಾಯಿತು.

ಕ್ಯಾಂಪಿನಲ್ಲಿ ನಾವು ಅಡುಗೆಯವರು ಅರುವತ್ತು ಜನ. ಪಾಸ್‌ಪೋರ್ಟ್ ಏಜೆಂಟಿನ ಹತ್ತಿರ. ದಿನಕ್ಕೆ ನಲವತ್ತು ಚೀಲ ಬಟಾಟೆ ಸಿಪ್ಪೆ ತೆಗೆಯುದು ನನ್ನ ಕೆಲಸ. ಅದಕ್ಕೆ ನಮ್ಮ ಹೋಟೆಲಿನಲ್ಲಿ ಬಟಾಟೆ ಭಾಜಿ ಇಲ್ಲ. ಎಲ್ಲರೂ ಕೇಳ್ತಾರೆ, ನಾನು ಗ್ಯಾಸ್ ಆಗ್ತದೆ ಅಂತ ಹೇಳುದು. ರಾತ್ರಿ ಹಗಲು ಹೆಲಿಕಾಪ್ಟರ್. ಅದು ತಗ್ಗಿ ಬಂದರೆ ಗಾಯ ಆದವರನ್ನು ತಂದಿದ್ದಾರೆ ಅಂತ ಲೆಕ್ಕ. ಸೈನಿಕರೆಲ್ಲ ಇಪ್ಪತ್ತು ವರ್ಷದ ಮಕ್ಕಳು. ಅವರಿಗೂ ಮನೆಗೆ ಹೋಗ್ಬೇಕಿತ್ತು.

ಚೆನ್ನಪ್ಪ ಸುಳ್ಯದವ. ಅಷ್ಟು ಜನರಲ್ಲಿ ತುಳು ಮಾತಾಡುವವರು ನಾವು ಇಬ್ಬರೇ. ಬೇರೆಯವರಿಗೆ ಅರ್ಥ ಆಗುದಿಲ್ಲ ಅಂತ ಎಲ್ಲರನ್ನೂ ತುಳುವಿನಲ್ಲಿ ಬಯ್ಯುತ್ತಿದ್ದೆವು. ಅವನೇ ನನಗೆ ಅಲ್ಲಿ ಮನೆ. ರಂಝಾನಿನಲ್ಲಿ ನನಗೋಸ್ಕರ ಸಂಜೆಗೆ ಖರ್ಜೂರ ತೆಗೆದಿಡುತ್ತಿದ್ದ, ನಾನು ಉಪವಾಸ ಬಿಡುವವರೆಗೆ ಅವನೂ ನೀರು ಕುಡಿಯುತ್ತಿರಲಿಲ್ಲ. ಆ ರಂಝಾನಿನ ಹದಿನೆಂಟನೇ ದಿನ ಮಧ್ಯಾಹ್ನ ನೀರು ತರಲಿಕ್ಕೆ ಲಾರಿ ಹೋಯಿತು, ಅವ ಅದರಲ್ಲಿ ಇದ್ದ. ದಾರಿಯಲ್ಲಿ ಬಾಂಬು ಇಟ್ಟಿದ್ದರು. ನಾನು ಅಡುಗೆಕೋಣೆಯಲ್ಲಿ ಇದ್ದೆ. ಮನೆಯವರಿಗೆ ಆಕ್ಸಿಡೆಂಟ್ ಅಂತ ಹೇಳಿ ಪೆಟ್ಟಿಗೆ ಕಳಿಸಿದರಂತೆ.

ಅವನ ಅಪ್ಪ ಬೋಜಪ್ಪ ಗೌಡ್ರು ಇದ್ದಾರೆ. ನಾನು ಒಂದು ದಿನವೂ ಆ ಮನೆಗೆ ಹೋಗಲಿಲ್ಲ. ಒಮ್ಮೆ ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ಬಸ್ಸಿನ ಹಿಂದೆ ಅಡಗಿದೆ. ಇನ್ನೂ ಒಂದು ವಿಷಯ ಉಂಟು. ಅದು ಈ ಪುಟದಲ್ಲಿ ಹಿಡಿಯುದಿಲ್ಲ.

ನೀವು ಅವಳಿಗೆ ಹೇಳಿ, ಬರೆಯಬಹುದು ಅಂತ. ನನಗೆ ಹೇಳಲಿಕ್ಕೆ ಬಾಯಿ ಬರುದಿಲ್ಲ.

ಹಸನಬ್ಬ


ಬೆಟ್ಟಂಪಾಡಿ
27 ಅಕ್ಟೋಬರ್ 2025

ಹಸನಬ್ಬನವರಿಗೆ,

ನಿಮ್ಮ ಬರಹದಲ್ಲಿ ನಾನು ಒಂದಕ್ಷರವನ್ನೂ ತಿದ್ದಿಲ್ಲ. ಎರಡು ಸಲ ಓದಿದೆ. ಎರಡನೇ ಸಲ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಝುಹ್ರಾಳಿಗೆ ನಾನು ಹೇಳುವುದಿಲ್ಲ. ನಿಮ್ಮ ಮಾತನ್ನು ಬೆಟ್ಟಂಪಾಡಿಗೆ ಕಳಿಸಿ, ಅದು ತಿರುಗಿ ಕಡಬಕ್ಕೆ ಬಂದು, ಒಂದೇ ಮನೆಯಲ್ಲಿರುವ ಹೆಂಡತಿಗೆ ಮುಟ್ಟುವುದು ಎಂಥ ವ್ಯವಸ್ಥೆ? ನೀವೇ ಹೇಳಬೇಕು. ಬಾಯಿ ಬಾರದಿದ್ದರೆ ಪುಟ ಹಿಂದೆ ಕಳಿಸಿದ್ದೇನೆ, ಅವಳ ಕೈಗೆ ಕೊಡಿ. ಆ ಪುಟದಲ್ಲಿ ಹಿಡಿಯದ ವಿಷಯವನ್ನೂ ಹೇಳಿ. ಪರೀಕ್ಷೆ ಡಿಸೆಂಬರ್ ಹನ್ನೊಂದಕ್ಕೆ. ಅದರೊಳಗೆ ಆಗಬೇಕು.

ಲಕೋಟೆಗೆ ಗೋಂದು ಬಳಸಿದ್ದಕ್ಕೆ ಉಪಕಾರ.

ಸತ್ಯವತಿ


ಕಡಬ
14 ಡಿಸೆಂಬರ್ 2025

ಮೇಡಂ,

ಪರೀಕ್ಷೆ ಬರೆದೆ. ಮೂರು ಗಂಟೆ, ಒಂದು ನಿಮಿಷವೂ ಸುಮ್ಮನೆ ಕೂರಲಿಲ್ಲ.

ಆ ಪುಟ ನನ್ನ ಕೈಗೆ ಬಂದದ್ದು ಪರೀಕ್ಷೆಯ ದಿನ ಬೆಳಿಗ್ಗೆ. ಒಂದೂವರೆ ತಿಂಗಳು ಶರ್ಟಿನ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದ್ದಾರೆ ಪುಣ್ಯಾತ್ಮ, ಮಡಿಕೆಯಲ್ಲಿ ಹರಿದುಹೋಗಿತ್ತು. ಪುತ್ತೂರಿಗೆ ಬೈಕಿನಲ್ಲಿ ಕರೆದುಕೊಂಡು ಹೋಗುವಾಗ ಕಾಣಿಯೂರಿನಲ್ಲಿ ನಿಲ್ಲಿಸಿದರು. ಪೆಟ್ರೋಲ್ ಮುಗಿಯಿತೇನೋ ಎಂದುಕೊಂಡೆ. ಪುಟ ಕೊಟ್ಟು, “ಓದು” ಎಂದು ಹೇಳಿ ಆಚೆ ತಿರುಗಿ ನಿಂತರು. ರಸ್ತೆ ಬದಿಯಲ್ಲಿ ನಿಂತೇ ಓದಿದೆ. ಓದಿ ಮುಗಿಸಿದ ಮೇಲೆ, ಪುಟದಲ್ಲಿ ಇಲ್ಲದ್ದನ್ನು ಬಾಯಿಯಲ್ಲೇ ಹೇಳಿದರು. ಅದನ್ನು ನಾನು ಬರೆಯುವುದಿಲ್ಲ. ಬರೆಯುವ ಹಕ್ಕು ಅವರಿಗಿದೆ. ನಾನು ಕೇಳಿದ್ದು ಒಂದೇ, “ಇಷ್ಟು ವರ್ಷ ಒಬ್ಬರೇ ಹೊತ್ತದ್ದು ಯಾಕೆ? ನಾನು ಎಂತಕ್ಕೆ ಇರುದು?” ಅವರು, “ಹೊತ್ತಾಗ್ತದೆ, ಕೂತುಕೋ” ಎಂದರು. ಗೇಟು ಹಾಕುವ ಎರಡು ನಿಮಿಷ ಮೊದಲು ಮುಟ್ಟಿದೆವು.

ಕೊನೆಯ ಪ್ರಶ್ನೆ ನೀವು ಹೇಳಿದ್ದೇ. 2001 ಆರಿಸಿದೆ. ಪುಸ್ತಕದ ಮೂರು ಪರಿಣಾಮ ನಂಬರ್ ಹಾಕಿ ಬರೆದೆ. ನಾಲ್ಕನೆಯದಾಗಿ, ಈ ತಿರುವಿನ ಒಂದು ಪರಿಣಾಮ ದಕ್ಷಿಣ ಕನ್ನಡ ಜಿಲ್ಲೆಯ ಎರಡು ಮನೆಗಳಲ್ಲಿ ಇಂದಿಗೂ ಇದೆ ಎಂದು ಶುರು ಮಾಡಿದೆ. ಒಂದು ಕಡಬದ ಮನೆ, ಒಂದು ಸುಳ್ಯದ ಮನೆ. ಹೆಸರು, ಊರು, ವರ್ಷ ಹಾಕಿದೆ. ಹಾಳೆ ಮುಗಿಯಿತು. ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದೆ. ಈ ಪರೀಕ್ಷೆಯಲ್ಲಿ ನಾನು ಅದನ್ನು ಕೇಳಿದ್ದು ಇದೇ ಮೊದಲು. ಹಾಳೆ ಕೊಡುವ ಹುಡುಗಿ ನನಗೆ ಮಗಳಾಗುವಷ್ಟು ಪ್ರಾಯದವಳು, “ಇನ್ನೂ ಉಂಟಾ ಆಂಟಿ ಬರೆಯಲಿಕ್ಕೆ?” ಎಂದು ಕೇಳಿದಳು. ಉಂಟು ಎಂದೆ.

ಕೆಂಪು ಗೆರೆ ಬಿದ್ದರೆ ಬೀಳಲಿ ಮೇಡಂ. ಬರೆದಾಯಿತು.

ಝುಹ್ರಾ


ಕಡಬ
13 ಫೆಬ್ರವರಿ 2026

ಮೇಡಂ,

ಉತ್ತರ ಮೊದಲ ವಾಕ್ಯದಲ್ಲೇ ಇರಬೇಕಲ್ಲ: ಎಂಬತ್ತರಲ್ಲಿ ನಲವತ್ತೊಂಬತ್ತು, ಪಾಸು.

ಅರ್ಜಿ ಹಾಕಿಯಾಯಿತು. ಹುದ್ದೆ ಸಿಗುತ್ತದೋ ಇಲ್ಲವೋ, ನಲವತ್ತೈದು ತುಂಬುವ ಮೂರು ವಾರ ಮೊದಲು ಡಿಗ್ರಿ ಸಿಕ್ಕಿದೆ. ಉಮ್ಮ ಅಂಗನವಾಡಿಗೆ ಬಂದು ತನ್ನ ಕೈಯಾರೆ ಮಕ್ಕಳಿಗೆಲ್ಲ ಸಜ್ಜಿಗೆ ಬಡಿಸಿದಳು, ಉಪ್ಪು ಹಾಕಿ. ನಿಮಗೂ ಒಂದು ಡಬ್ಬಿ ಕಳಿಸುತ್ತೇನೆ ಎಂದಳು, ಅಂಚೆಯಲ್ಲಿ ಹಾಳಾಗುತ್ತದೆ ಎಂದು ನಿಲ್ಲಿಸಿದೆ. ನಾವೇ ಹೊತ್ತು ತರುತ್ತೇವೆ. ಸಿಟ್ಟಿನ ಉಳಿದ ಅರ್ಧವೂ ಹೋಗಿದೆ ಎಂದು ಬರೆಯಲು ಆಸೆ. ಕಾಲು ಭಾಗ ಇದೆ, ನೀವು ತಿಂದು ನೋಡಿದ ಮೇಲೆ ನೋಡುವ.

ಇವರಿಗೂ ನಿಮ್ಮಲ್ಲಿ ಕೇಳಲು ಇದೆಯಂತೆ. ಕೆಳಗೆ ಬರೆಯುತ್ತಾರೆ.

ಝುಹ್ರಾ, ಬಿ.ಎ.

ಮೇಡಮ್ಮನವರಿಗೆ ಹಸನಬ್ಬನ ಸಲಾಂ.

ಅವಳು ಪಾಸ್ ಆದಳು. ಈಗ ನನ್ನ ಪರೀಕ್ಷೆ. ಇನ್ನು ನಾಲ್ಕೈದು ದಿನದಲ್ಲಿ ಉಪವಾಸ ಸುರು ಆಗ್ತದೆ. ಇಪ್ಪತ್ತೆರಡು ಉಪವಾಸ ನಾನು ಚೆನ್ನಪ್ಪನ ವಿಷಯ ಹೇಳದೆ ಹಿಡಿದೆ. ಈ ಸಲ ಹಾಗೆ ಹಿಡಿಯುದಿಲ್ಲ ಅಂತ ನಿಶ್ಚಯ ಮಾಡಿದ್ದೇನೆ.

ಭಾನುವಾರ ನಾನು ಮತ್ತು ಝುಹ್ರಾ ಸುಳ್ಯಕ್ಕೆ ಬೋಜಪ್ಪ ಗೌಡ್ರ ಮನೆಗೆ ಹೋಗ್ತೇವೆ. ಅವರು ಬಾಗಿಲು ಹಾಕಿದರೆ ಹಾಕಲಿ, ಜಗಲಿಯಲ್ಲಿ ಕೂರ್ತೇನೆ. ಅಲ್ಲಿ ನನ್ನ ಬಾಯಿ ಕಟ್ಟಿದರೆ ಕೊಡಲಿಕ್ಕೆ ಅಂತ ಒಂದು ಕಾಗದ ಬರೆದಿದ್ದೇನೆ. ಒಂಬತ್ತು ಸಲ ಹರಿದೆ. ಸುರುವಿಗೆ ಕ್ಷೇಮ, ಮಳೆ ಬೆಳೆ ಎಲ್ಲ ಬರೆದಿದ್ದೆ. ಮತ್ತೆ ನೀವು ಝುಹ್ರಾನಿಗೆ ಹೇಳಿದ್ದು ನೆನಪಾಯ್ತು. ಅದೆಲ್ಲ ಹೊಡೆದು ಹಾಕಿ ಉತ್ತರ ಮೊದಲ ವಾಕ್ಯದಲ್ಲೇ ಬರೆದೆ. ಇದು ಸರಿ ಉಂಟಾ ಅಂತ ನೋಡಿ ಹೇಳಿ. ನಿಮ್ಮ ಉತ್ತರ ಭಾನುವಾರದ ಒಳಗೆ ಮುಟ್ಟುದಿಲ್ಲ ಅಂತ ಗೊತ್ತುಂಟು, ಸರಿ ಇಲ್ಲದಿದ್ದರೂ ನಾನು ಬದಲು ಮಾಡುದಿಲ್ಲ.

‘ಗೌಡ್ರೇ, ಆ ದಿನ ನೀರಿನ ಲಾರಿಗೆ ಹತ್ತಬೇಕಾದ ಸರದಿ ನನ್ನದು; ನಾನು ಉಪವಾಸ ಇದ್ದೇನೆ ಅಂತ, ಬಿಸಿಲಿಗೆ ಬೇಡ ಅಂತ, ನಿಮ್ಮ ಮಗ ನನ್ನನ್ನು ಇಳಿಸಿ ತಾನು ಹತ್ತಿದ.’

ಹಸನಬ್ಬ